ಗುಂಡಿ ಡಬ್ಬಿಯ ಮಾತ್ರೆಗಳು

ಅಕ್ಕನ ರಕ್ತದಲ್ಲಿ ಕ್ಯಾನ್ಸರ್ ಮತ್ತೆ ತಲೆಯೆತ್ತಿದೆ ಎಂದು ಡಾಕ್ಟರು ಹೇಳಿದಾಗ ತಂಗಿ ಅವರ ಮೇಲೇ ಜಗಳಕ್ಕೆ ಹೋಗಿದ್ದಳು. ಅಷ್ಟು ಒಳ್ಳೆಯ ಮಾತ್ರೆ ಕೈಕೊಡುವುದೆಂದರೇನು? ಸಂಜೆ ಅಕ್ಕನ ಹೊಲಿಗೆ ಅಂಗಡಿಯಲ್ಲಿ, ತನ್ನ ಕೋಟಿನ ಕಿತ್ತುಹೋದ ಗುಂಡಿಗೆ ಜೋಡಿ ಹುಡುಕಲು ಡಬ್ಬಿ ತೆಗೆದರೆ ಉತ್ತರ ಅಲ್ಲೇ ಇತ್ತು. ಗುಂಡಿಗಳ ಅಡಿಯಲ್ಲಿ ಅದೇ ಮಾತ್ರೆಗಳ ಪಟ್ಟಿಗಳು, ಒಂದನ್ನೂ ಒಡೆದಿರಲಿಲ್ಲ.

"ಮಾತ್ರೆ ತಗೊಳ್ಳೋದು ಬಿಟ್ಟಿದ್ದೀಯಾ?"

"ನೀನೇ ಹೇಳಿದ್ಯಲ್ಲ, ಅದು ರೋಗದ ಸ್ವಿಚ್ ಆರಿಸುತ್ತೆ ಅಂತ. ಆರಿದ ದೀಪಾನ ದಿನಾ ಯಾರು ಆರಿಸ್ತಾರೆ?" ಅಕ್ಕ ಹೊಲಿಗೆಯಿಂದ ತಲೆ ಎತ್ತಲಿಲ್ಲ.

ತಂಗಿಗೆ ಹಣೆ ಹಣೆ ಚಚ್ಚಿಕೊಳ್ಳುವಂತಾಯಿತು. ಜೀವಕೋಶಕ್ಕೆ 'ಬೆಳೆ, ಎರಡಾಗು' ಎಂಬ ಸಂದೇಶ ದಾಟಿಸುವ ಕೈನೇಸ್ ಎಂಬ ಕಿಣ್ವದ ಅಧ್ಯಯನವೇ ಪ್ರಯೋಗಾಲಯದಲ್ಲಿ ಅವಳ ಕೆಲಸ. ಅಕ್ಕನ ರಕ್ತದಲ್ಲಿ ಆ ಕಿಣ್ವ ಕೆಟ್ಟು, ಯಾರೂ ಕೇಳದಿದ್ದರೂ ಆ ಸಂದೇಶವನ್ನೇ ಒದರುತ್ತಿತ್ತು. ಮಾತ್ರೆ ಅದರ ಬಾಯಿ ಮುಚ್ಚಿ ಹಿಡಿಯುತ್ತದೆ, ಅಷ್ಟೆ. ಕೋಶಗಳಿಂದ ಔಷಧ ತೊಳೆದ ಕೂಡಲೇ ಕಿಣ್ವ ಮತ್ತೆ ಶುರು ಹಚ್ಚಿಕೊಳ್ಳುವುದನ್ನು ಅವಳು ಎಷ್ಟು ಸಲ ನೋಡಿರಲಿಲ್ಲ! ಅಂಥವಳು ಒಡಹುಟ್ಟಿದವಳಿಗೆ, ಸುಲಭವಾಗಲಿ ಎಂದು, ಸ್ವಿಚ್ಚಿನ ಕತೆ ಹೇಳಿ ಕೈತೊಳೆದುಕೊಂಡಿದ್ದಳು. ತಪ್ಪು ತನ್ನದೇ ಎಂದು ಗೊತ್ತಾದಷ್ಟೂ ಸಿಟ್ಟು ಏರಿತು.

ಮೂಲೆಯಲ್ಲಿ ಪೆಡಲು ಕೆಟ್ಟ ಹೊಲಿಗೆ ಯಂತ್ರವಿತ್ತು. ಕರೆಂಟು ಕೊಟ್ಟರೆ ಸಾಕು, ತಾನೇ ಓಡುತ್ತಿತ್ತು. ತಂಗಿ ಪ್ಲಗ್ ಚುಚ್ಚಿ, ತಿರುಗುವ ಚಕ್ರವನ್ನು ಅಂಗೈಯಿಂದ ಒತ್ತಿ ಹಿಡಿದಳು. ಮೋಟರು ಗುರುಗುಟ್ಟಿತು.

"ಅಯ್ಯೋ, ಬೆಲ್ಟ್ ಹರಿಯುತ್ತೆ ಕಣೇ!"

"ಹರೀಲಿ! ನಿಂತಿದೆ ತಾನೇ? ಈಗ ನೋಡು." ಕೈ ತೆಗೆದಳು. ಸೂಜಿ ಮತ್ತೆ ಟಕಟಕ ಕುಣಿಯಿತು. "ಮಾತ್ರೆ ಅಂದ್ರೆ ಈ ಕೈ. ಸ್ವಿಚ್ ಅಲ್ಲ. ನಾನು ಹೇಳಿದ್ದೇ ತಪ್ಪು."

ಅಕ್ಕ ಎದ್ದು ಬಂದು ಪ್ಲಗ್ ಕಿತ್ತಳು. ಮುಖ ಬಿಳಿಚಿತ್ತು. "ಮೊದಲೇ ಹೀಗೆ ಹೇಳೋಕೆ ನಿನಗೇನು ರೋಗ?"

"ರೋಗ ನಿನಗೆ, ನನಗಲ್ಲ! ಬೇಡ ಅನ್ನಿಸಿದ್ರೆ ಎಸಿಬೇಕಿತ್ತು. ಬಚ್ಚಿಟ್ಟಿದ್ದು ಯಾಕೆ?"

ತಂಗಿ ಹುಡುಕುವಾಗ ಚದುರಿದ್ದ ಗುಂಡಿಗಳನ್ನು ಅಕ್ಕ ಡಬ್ಬಿಗೆ ತುಂಬತೊಡಗಿದಳು. "ಒಂದೇ ಹೊಟ್ಟೇಲಿ ಹುಟ್ಟಿದವರು, ಒಂದೇ ರಕ್ತ. ನಾಳೆ ನಿನಗೂ ಬಂದ್ರೆ ಇರಲಿ ಅಂತ."

ಈ ಕಾಯಿಲೆ ಹಾಗೆ ಬರುವುದಿಲ್ಲ ಎನ್ನಲು ತಂಗಿ ಬಾಯಿ ತೆರೆದಳು. ಆ ಮಾತು ಬಿಟ್ಟು ಮಾತ್ರೆಯ ಪಟ್ಟಿಯೊಂದನ್ನು ಕೈಗೆತ್ತಿಕೊಂಡಳು. ಮತ್ತೆ ಶುರು ಮಾಡಬಹುದೇ ಎಂದು ಕೇಳಲು ಡಾಕ್ಟರಿಗೆ ಫೋನು ಹಚ್ಚಿ, ಅವರು ಎತ್ತುವಷ್ಟರಲ್ಲಿ ಅಕ್ಕನನ್ನು ಗದರಿದಳು:

"ನಿಂತು ನೋಡ್ತೀಯೇನು? ಹೋಗಿ ಒಂದು ಲೋಟ ನೀರು ತಗೊಂಡು ಬಾ, ಪುಣ್ಯಾತ್ಗಿತ್ತಿ!"