ಬೀಗರ ನಡುವಿನ ಚರಂಡಿ

ಪಕ್ಕದ ಮನೆಗೇ ಸೊಸೆಯಾಗಿ ಹೋದವಳಿಗೆ ತವರಿನ ನೆನಪು ಕಾಡುವುದಿಲ್ಲ, ತವರೇ ಕಾಡುತ್ತದೆ. ಅವಳ ತವರಿಗೂ ಗಂಡನ ಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಕಾಂಪೌಂಡು ಗೋಡೆ. ಆ ಕಡೆ ಔಷಧಿ ಅಂಗಡಿಯ ಅಪ್ಪ, ಈ ಕಡೆ ಡ್ರೈವಿಂಗ್ ಸ್ಕೂಲಿನ ಮಾವ. ಬೀಗರೆಂದ ಮೇಲೆ ಬೀಗದೆ ಇರುತ್ತಾರೆಯೇ? ಆ ವಿಷಯದಲ್ಲಿ ಇಬ್ಬರೂ ಸರಿಸಮ.

ಮಾವನಿಗೆ ತಮ್ಮ ಮನೆಯ ಇಳಿಜಾರು ಮಾಡಿನ ಮೇಲೆ ಎಲ್ಲಿಲ್ಲದ ಹೆಮ್ಮೆ. ಅದರ ಅಂಚಿಗೆ ನೀರು ಹಿಡಿಯುವ ತಗಡಿನ ದೋಣಿ ಕಟ್ಟಿಸಿದರೆ ಮನೆಗೆ ಮೂಗುದಾರ ಹಾಕಿದ ಹಾಗೆ ಕಾಣುತ್ತದೆಂದು ಅವರು ಒಪ್ಪಿರಲಿಲ್ಲ. ಹಾಗಾಗಿ ಮಳೆ ಬಂದರೆ ಮಾಡಿನ ನೀರು ಅಡುಗೆಮನೆಯ ಬುಡಕ್ಕೇ ದಬದಬನೆ ಸುರಿಯುತ್ತಿತ್ತು. ಮಣ್ಣು ಕೊಚ್ಚಿಹೋಗಿ ಅಡಿಪಾಯದ ಕಲ್ಲುಗಳು ವಸಡು ಸವೆದ ಹಲ್ಲಿನಂತೆ ಹೊರಗೆ ಕಾಣತೊಡಗಿದವು.

"ಮಾವ, ಬುಡದಲ್ಲಿ ಬೆಕ್ಕು ಮರಿ ಹಾಕೋವಷ್ಟು ಗುಂಡಿ ಬಿದ್ದಿದೆ," ಎಂದಳು.

"ನೋಡಮ್ಮಾ, ಇದು ಗಟ್ಟಿ ನೆಲ. ನಾನು ನಿಂತು ಕಟ್ಟಿಸಿದ ಮನೆ," ಎಂದರು ಮಾವ. ಆದರೂ ಸೊಸೆಯ ಮಾತಿಗೆ ಬೆಲೆ ಕೊಟ್ಟವರಂತೆ ಗುಂಡಿಗೆ ಮರಳು ಸುರಿಸಿದರು. ಮುಂದಿನ ಮಳೆಗೆ ಮರಳು ಗೇಟು ದಾಟಿ ಬೀದಿ ಸೇರಿತು. ಆಮೇಲೆ ಸಿಮೆಂಟಿನ ಹಾಸು ಹಾಕಿಸಿದರು. ಅದರ ಇಳಿಜಾರು ಹೊರಕ್ಕಿರಬೇಕಾದದ್ದು ಮನೆಯ ಗೋಡೆಯ ಕಡೆಗೇ ಇತ್ತು. ಈಗ ನೀರು ಸುತ್ತಿ ಬಳಸುವ ಕಷ್ಟವಿಲ್ಲದೆ ನೆಟ್ಟಗೆ ಅಡಿಪಾಯಕ್ಕೇ ಇಳಿಯಿತು. ಅಡುಗೆಮನೆಯ ಕಿಟಕಿಯ ಮೂಲೆಯಿಂದ ಒಂದು ಬಿರುಕು ಹೊರಟಿತು.

ಗಂಡ ರಾತ್ರಿ ಬಸ್ಸಿನ ಕಂಡಕ್ಟರ್. ಡ್ರೈವಿಂಗ್ ಕಲಿಸುವ ಅಪ್ಪನ ಪಕ್ಕ ಒಂದೇ ಒಂದು ವಾರ ಕೂತದ್ದಕ್ಕೆ, ಜನ್ಮದಲ್ಲಿ ಸ್ಟೇರಿಂಗ್ ಮುಟ್ಟುವುದಿಲ್ಲವೆಂದು ನಿರ್ಧರಿಸಿದವನು. ಬಿರುಕು ತೋರಿಸಿದಾಗ ಆಕಳಿಸುತ್ತ, "ಅಪ್ಪ ಹೇಳೋದೂ ಸರಿ, ನೀನು ಹೇಳೋದೂ ಸರಿ," ಎಂದು ಹೊದ್ದು ಮಲಗಿದ.

ಬಿರುಕು ಕಂಡ ಮೇಲೆ ಮಾವನ ಸೌಂದರ್ಯಪ್ರಜ್ಞೆ ಸ್ವಲ್ಪ ಇಳಿಯಿತು. ದೋಣಿ ಬಂತು, ಅದಕ್ಕೊಂದು ಪೈಪೂ ಬಂತು. ಪೈಪಿನ ಬಾಯಿ ಮಾತ್ರ ಕಾಂಪೌಂಡಿನ ತೂತಿನಿಂದ ಬೀಗರ ಅಂಗಳಕ್ಕೆ ಇಣುಕಿತು.

ಒಂದೇ ಮಳೆಗೆ ಅಪ್ಪನ ಸ್ಟೋರ್‌ರೂಮಿನ ಬುಡ ಕೊರೆದುಹೋಯಿತು. ಅವಳು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ದಿನವಿಡೀ ಗಂಟಲು ಒಣಗಿಸಿಕೊಂಡು ಬರುವಷ್ಟರಲ್ಲಿ ಅಪ್ಪ ಗೋಡೆಯಾಚೆ ಕಾದು ನಿಂತಿದ್ದರು.

"ನಿಮ್ಮ ಮಾವನಿಗೆ ಹೇಳೇ, ನಾನು ಹೆಣ್ಣು ಕೊಟ್ಟಿದ್ದೀನಿ, ಅಡಿಪಾಯ ಕೊಟ್ಟಿಲ್ಲ ಅಂತ."

ಮಾವ ಒಳಗಿನಿಂದಲೇ, ಅಪ್ಪನಿಗೆ ಕೇಳುವಷ್ಟು ಜೋರಾಗಿ, "ನೀರು ತಗ್ಗಿಗೆ ಹರಿಯುತ್ತೆ ಅಂತ ನಿಮ್ಮಪ್ಪನಿಗೆ ಹೇಳಮ್ಮಾ. ನಾನೇನು ಮಾಡಲಿ," ಎಂದರು.

"ನಾನು ತಗ್ಗಂತೇನು? ಕೇಳೇ ಅವರನ್ನ!"

ಅವಳು ಚಪ್ಪಲಿ ಕೂಡ ಬಿಟ್ಟಿರಲಿಲ್ಲ. "ಗೋಡೆ ಗುಂಟ ಬೀದಿ ಮೋರಿವರೆಗೆ ಚರಂಡಿ ತೆಗೆಸಿದ್ರೆ ಮುಗೀತಲ್ಲ. ಇಬ್ಬರೂ ಒಂದೊಂದು ಗೇಣು ಜಾಗ ಬಿಡಿ," ಎಂದಳು.

ಗೇಣು ಜಾಗ ಎಂದೊಡನೆ ಇಬ್ಬರಿಗೂ ಕಿವಿ ಕೇಳಿಸದಾಯಿತು. ಅಪ್ಪ ಮಣ್ಣಿನ ಮೂಟೆ ಅಡ್ಡ ಇಟ್ಟು ಪೈಪಿನ ಬಾಯಿ ಕಟ್ಟಿದರು. ನೀರು ಆ ಕಡೆಗೂ ಹೋಗದೆ ಈ ಕಡೆಗೂ ಬಾರದೆ ಕಾಂಪೌಂಡಿನ ಬುಡದಲ್ಲೇ ನಿಂತಿತು.

ಆ ಭಾನುವಾರ ಬೆಳಿಗ್ಗೆ ಜಡಿಮಳೆ. ಅವಳು ಅನ್ನಕ್ಕಿಟ್ಟಿದ್ದಳು. ಧಡಲ್ ಎಂದಿತು. ಓಡಿಬಂದು ನೋಡಿದರೆ ಕಾಂಪೌಂಡು ಉದ್ದಕ್ಕೂ ಮಲಗಿತ್ತು. ಡ್ರೈವಿಂಗ್ ಸ್ಕೂಲಿನ ಕಾರಿನ ಬಾನೆಟ್ ಅದರಡಿ ನಜ್ಜುಗುಜ್ಜಾಗಿತ್ತು. ಅಪ್ಪನ ಮೂಟೆಗಳು ಒಡೆದು ಅಂಗಳವೆಲ್ಲ ಕೆಸರು.

"ಕಾರಿಗೆ ಯಾರು ಹೊಣೆ ಅಂತ ಕೇಳಮ್ಮಾ!"

"ಗೋಡೆಗೆ ಯಾರು ಹೊಣೆ ಅಂತ ನೀನು ಕೇಳೇ!"

ನಡುವೆ ಗೋಡೆಯೇ ಇರಲಿಲ್ಲ. ಇಬ್ಬರೂ ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಛತ್ರಿ ಹಿಡಿದು ನಿಂತು, ಅವಳ ಮೂಲಕವೇ ಜಗಳವಾಡುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯಿತು.

"ನಾನಿವತ್ತು ರಜಾ. ಕೌಂಟರ್ ಮುಚ್ಚಿದೆ," ಎಂದಳು. "ಏನಿದ್ರೂ ನೀವು ನೀವೇ ಮಾತಾಡ್ಕೊಳ್ಳಿ."

ಅವಳು ಛತ್ರಿ ಹಿಡಿದು ನೀರು ಹರಿದ ಜಾಡು ನೋಡುತ್ತ ಬೀದಿಯವರೆಗೆ ನಡೆದು ಬಂದಳು. ಮಳೆ ಬಿಟ್ಟ ಮರುದಿನವೇ ಕೂಲಿಯಾಳುಗಳನ್ನು ಕರೆಸಿದಳು. ಗೋಡೆ ಬಿದ್ದು ಗಡಿ ಎಲ್ಲಿತ್ತೆಂಬುದೇ ಅಳಿಸಿಹೋಗಿತ್ತು. ಚರಂಡಿಗೆ ಅವಳು ಗೆರೆ ಎಳೆಸಿದಾಗ ಒಬ್ಬರು "ನನ್ನ ಕಡೆ ಜಾಸ್ತಿ ಬಂತು" ಎಂದರೆ ಇನ್ನೊಬ್ಬರೂ ಅದನ್ನೇ ಅಂದರು. ಇಬ್ಬರಿಗೂ ನಷ್ಟವೆನಿಸಿದ ಮೇಲೆ ಸರಿಯಾಗಿಯೇ ಬಂದಿರಬೇಕೆಂದು ಅವಳು ಅಲ್ಲೇ ಅಗೆಸಿದಳು. ಪೈಪನ್ನು ಚರಂಡಿಗೆ ತಿರುಗಿಸಿದ್ದಾಯಿತು. ಮಾವನ ಸಿಮೆಂಟು ಹಾಸನ್ನು ಒಡೆಸಿ, ಎರಡೂ ಮನೆಯ ಬುಡಕ್ಕೆ ಜೇಡಿಮಣ್ಣು ಹಾಕಿಸಿ, ಪದರಪದರವಾಗಿ ಬಡಿಸಿ ದಮ್ಮಸು ಮಾಡಿಸಿ ಹೊರಕ್ಕೆ ಇಳಿಜಾರು ಕೊಡಿಸಿದಳು.

ಮುಂದಿನ ಮಳೆ ಜೋರಾಗಿಯೇ ಬಂತು. ನೀರು ಸದ್ದಿಲ್ಲದೆ ಚರಂಡಿ ಹಿಡಿದು ಮೋರಿ ಸೇರಿತು. ಬೀಗರಿಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ನಿಂತು, ನೀರಿಗೆ ದಾರಿ ಹೇಳಿಕೊಟ್ಟವರು ತಾವೇ ಎಂಬ ಗತ್ತಿನಲ್ಲಿ ನೋಡುತ್ತಿದ್ದರು.

"ಚರಂಡಿ ಆಗಲೇಬೇಕು ಅಂತ ನಾನು ಮೊದಲಿಂದ ಅಂತಿದ್ದೆ," ಎಂದರು ಅಪ್ಪ.

"ನನ್ನ ಮನಸ್ಸಲ್ಲೂ ಅದೇ ಇತ್ತು ಬೀಗರೇ," ಎಂದರು ಮಾವ. ಆಮೇಲೆ ದನಿ ತಗ್ಗಿಸಿದರು. "ಆದ್ರೂ ನಿಮ್ಮ ಮಗಳಿಗೆ ಬಾಯಿ ಸ್ವಲ್ಪ ಜಾಸ್ತಿ."

"ನಮ್ಮನೇಲಿದ್ದಾಗ ಹಾಗಿರಲಿಲ್ಲ. ನೀವು ಸಲುಗೆ ಕೊಟ್ಟಿದ್ದು ಹೆಚ್ಚಾಯ್ತು."

"ಇರಬಹುದು, ಇರಬಹುದು," ಎಂದು ಮಾವ ಧಾರಾಳವಾಗಿ ಒಪ್ಪಿಕೊಂಡರು.

ಅಡುಗೆಮನೆಯಲ್ಲಿ ಅವಳಿಗೆ ಎಲ್ಲ ಕೇಳಿಸಿತು. ಸಿಟ್ಟು ಬರಬೇಕಿತ್ತು, ನಗು ಬಂತು. ತನ್ನನ್ನು ಬೈದುಕೊಂಡಾದರೂ ಸರಿ, ನೇರವಾಗಿ ಮಾತಾಡಿದರಲ್ಲ. ಇಬ್ಬರಿಗೂ ಕಾಫಿ ಕೊಡಬೇಕೆಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ತನ್ನೊಬ್ಬಳಿಗೇ ಮಾಡಿಕೊಂಡು ಕುಡಿದಳು.