ಒರೆಸಿದರೂ ಹೋಗದ ಬಣ್ಣ

"ಮಿಡತೆಗೆ ಬಣ್ಣ ಬಳಿದ ಪುಣ್ಯಾತ್ಮರು ಯಾರಪ್ಪಾ?"

ಅಂಗಳದಲ್ಲಿ ಯಾರೂ ಕಾಣಲಿಲ್ಲ. ಬೋರ್ಡು ಬರೆಯುವವನು ಕೇಳಿದ್ದು ಗಾಳಿಯನ್ನು. ಗೋಡೆಗೆ ಒರಗಿಸಿದ ಅರೆಬರೆ ಬೋರ್ಡಿನ ಅಂಚಿನಲ್ಲಿ ಹೆಬ್ಬೆರಳುದ್ದದ ಮಿಡತೆಯೊಂದು ಕುಳಿತಿತ್ತು. ಮಿಡತೆಯೆಂದರೆ ಹುಲ್ಲಿನ ಹಸಿರು, ಇಲ್ಲವೇ ಮಣ್ಣಿನ ಬಣ್ಣ. ಅವನು ಹುಟ್ಟಿದಾಗಿನಿಂದ ಕಂಡದ್ದು ಅಷ್ಟೇ. ಇದರ ಮೈಮೇಲೆ ಹಳದಿ ಪಟ್ಟೆ, ಪಕ್ಕದಲ್ಲೇ ನೀಲಿ ಪಟ್ಟೆ, ನಡುನಡುವೆ ಕೆಂಪು ಚುಕ್ಕೆ. ಬೆಳಿಗ್ಗೆ ಅವನು ಮುಚ್ಚಳ ತೆಗೆದಿಟ್ಟ ಡಬ್ಬಗಳೂ ಅವೇ ಬಣ್ಣದವು.

ಕುಂಚ ಹಿಡಿದವನ ಕಣ್ಣಿಗೆ ಬಣ್ಣವೆಂದರೆ ಯಾರೋ ಬಳಿದದ್ದು. ಅದು ತಾನಾಗಿ ಮೈಗೂಡಿ ಬಂದೀತು ಎಂಬ ಯೋಚನೆ ಅವನ ಹತ್ತಿರವೂ ಸುಳಿಯಲಿಲ್ಲ.

"ಗಿರಗಿಟ್ಲೇ!" ಎಂದು ಕೂಗಿದ. ಕಾಲು ಒಂದು ಕಡೆ ನಿಲ್ಲದ ಐದು ವರ್ಷದ ಮಗಳಿಗೆ ಅಜ್ಜಿ ಇಟ್ಟ ಹೆಸರು ಅದು.

ಅಂಗಳದ ಮೂಲೆಯ ಗಿಡದ ಮರೆಯಿಂದ ಅವಳು ಬಂದಳು. ಇಂದು ಓಡಿ ಬರಲಿಲ್ಲ, ಕಾಲೆಳೆಯುತ್ತ ಬಂದಳು. ಬೆರಳಿಗೆಲ್ಲ ಹಳದಿ ಅಂಟು.

"ನನ್ನ ಡಬ್ಬ ಮುಟ್ಟಿದ್ಯಾ?"

"ಇಲ್ಲಪ್ಪ."

"ಮತ್ತೆ ಇದಕ್ಕೆ ಬಣ್ಣ ಬಳ್ದಿದ್ದು ನಿಮ್ಮಜ್ಜಿನಾ?"

"ಅದು ಹಂಗೇ ಇತ್ತು. ಇನ್ನೂ ತುಂಬಾ ಇದಾವೆ, ಎಲ್ಲಾನೂ ಹಂಗೇ..."

ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರೆ. ಅವನ ಕೈ ಎದ್ದಿತು, ಎಳೆ ಬೆನ್ನಿನ ಮೇಲೆ ಬಿತ್ತು. "ಸುಳ್ಳು ಬೇರೆ ಹೇಳ್ತೀಯಾ?"

ಮಗು ಅಳಲಿಲ್ಲ. ಹೊಟ್ಟೆ ಹಿಡಿದು ಕುಕ್ಕರಿಸಿತು, ವಾಂತಿ ಮಾಡಿಕೊಂಡಿತು. ಸುಧಾರಿಸಿಕೊಳ್ಳುವ ಮೊದಲೇ ಇನ್ನೊಮ್ಮೆ.

ಆಗ ಅವನಿಗೆ ಬಣ್ಣ ತೆಳುಮಾಡುವ ಥಿನ್ನರ್ ಬಾಟಲಿ ಕಂಡಿತು. ಬೋರ್ಡಿನ ಹಿಂದೆ, ಬಿರಡೆಯಿಲ್ಲದೆ, ಅರ್ಧ ಖಾಲಿಯಾಗಿ ಉರುಳಿತ್ತು. "ಅಮ್ಮಾ, ಮಗು ಥಿನ್ನರ್ ಕುಡಿದ್ಬಿಟ್ಟಿದೆ!" ಎಂದು ಕೂಗಿದ.

ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅವನ ತಾಯಿ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಬೀದಿಯ ಕೊನೆಯ ದವಾಖಾನೆಗೆ ಓಡಿದಳು; ಮಂಡಿನೋವಿನ ಮುದುಕಿಗೆ ಆ ಕಾಲು ಎಲ್ಲಿಂದ ಬಂತೋ, ಕೊಟ್ಟವನಿಗೇ ಗೊತ್ತು. ಅವನು ಹಿಂದೆ ಹಿಂದೆ.

"ಏನು ಕುಡಿದಳು?" ಡಾಕ್ಟರಮ್ಮ ಕೇಳಿದರು.

"ಥಿನ್ನರ್."

"ಕುಡಿದಿದ್ದು ನೀವೇ ನೋಡಿದ್ರಾ?"

"ನೋಡೋದೇನಮ್ಮ? ಮಿಡತೆಗೆಲ್ಲ ಪೇಂಟ್ ಬಳ್ದಿದಾಳೆ. ಬಾಟಲಿ ಅರ್ಧ ಖಾಲಿಯಾಗಿದೆ."

ಡಾಕ್ಟರಮ್ಮ ಮಗುವಿನ ಬಾಯಿಗೆ ಮೂಗು ಹಿಡಿದರು. ನಾಡಿ ಹಿಡಿದು ಗಡಿಯಾರ ನೋಡಿದರು. ಹುಬ್ಬು ಗಂಟಿಕ್ಕಿತು. "ಬಾಯಲ್ಲಿ ಥಿನ್ನರ್ ವಾಸನೆ ಇಲ್ಲ. ನಾಡಿ ನಿಧಾನ ಆಗ್ತಿದೆ. ಥಿನ್ನರ್ ಆದ್ರೆ ಶ್ವಾಸಕೋಶ ಕಾಯ್ಬೇಕು, ಬೇರೆ ವಿಷ ಆದ್ರೆ ಹೃದಯ ಕಾಯ್ಬೇಕು. ಒಂದಕ್ಕೆ ಕೊಡೋ ಮದ್ದು ಇನ್ನೊಂದಕ್ಕೆ ಆಗಲ್ಲ. ಊಹೆ ಮೇಲೆ ನಾನು ಕೈ ಹಾಕಲ್ಲ, ಖಚಿತವಾಗಿ ಹೇಳಿ."

"ಹುಳ ಪಿಚಕ್ ಅಂತ ಬಿಡ್ತು," ಎಂದಿತು ಮಗು ಕಣ್ಣು ಮುಚ್ಚಿಕೊಂಡೇ. "ನೆಕ್ಕಿದೆ. ಕಹಿ."

"ಕೇಳಿದ್ಯೇನೋ?" ತಾಯಿ ಅವನತ್ತ ತಿರುಗಿದಳು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಕಂಡೂ ಇಲ್ಲ, ತೀರ್ಪು ಮಾತ್ರ ಕೊಟ್ಟಾಯ್ತು! ಕಂಬ ನಿಂತಂಗೆ ನಿಲ್ಬೇಡ. ಓಡು, ಆ ಹುಳ ಹಿಡ್ಕೊಂಡು ಬಾ."

ಅವನು ಓಡಿದ.

ಮಿಡತೆ ಬೋರ್ಡಿನ ಮೇಲೇ ಇತ್ತು, ಹಾರುವ ಅವಸರವೇ ಇಲ್ಲದಂತೆ. ಹಿಡಿದ. ಬಾಟಲಿಯ ತಳದಲ್ಲಿದ್ದ ಥಿನ್ನರಿನಲ್ಲಿ ಬಟ್ಟೆ ಅದ್ದಿ, ಮೊದಲು ಬೋರ್ಡಿನ ಮೂಲೆ ಒರೆಸಿದ. ಬೆಳಗಿನ ಹಳದಿ ಬಟ್ಟೆಗೆ ಹತ್ತಿತು. ಬಟ್ಟೆಯ ಇನ್ನೊಂದು ತುದಿಯಿಂದ ಮಿಡತೆಯ ಬೆನ್ನು ಒರೆಸಿದ. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಒತ್ತಿ ಒರೆಸಿದ. ಆಗಲೂ ಬಿಳಿ. ರೆಕ್ಕೆ ಬಿಡಿಸಿದರೆ ಒಳಗೆ ತೆಳುಗೆಂಪು. ಕೂದಲೆಳೆಯಂಥ ಮೀಸೆಗೂ ನೀಲಿ ಹಳದಿ ಉಂಗುರ. ಅಷ್ಟು ಸಣ್ಣ ಗೆರೆ ಎಳೆಯುವ ಕುಂಚ ಅವನ ಬಳಿಯೂ ಇರಲಿಲ್ಲ, ಅವನ ಗುರುವಿನ ಬಳಿಯೂ ಇರಲಿಲ್ಲ.

ಹಿಡಿತ ಬಿಗಿಯಾದಾಗ ಮಿಡತೆ ಪಿಚಕ್ಕೆಂದು ಅವನ ಅಂಗೈಗೆ ಏನನ್ನೋ ಚಿಮ್ಮಿತು. ಹಳದಿ ಅಂಟು. ಮಗಳ ಬೆರಳಲ್ಲಿದ್ದುದು ಇದೇ.

ಮತ್ತೆ ಆ ಥಿನ್ನರ್? ಬೋರ್ಡು ಸರಿಸಿದ. ಬಾಟಲಿ ಬಿದ್ದಿದ್ದ ಕಡೆ ಮಣ್ಣು ಹಸಿಯಾಗಿ ಘಾಟು ಹೊಡೆಯುತ್ತಿತ್ತು. ಕುಡಿದದ್ದು ನೆಲ.

ಮೂಲೆಗೆ ನಡೆದ. ಅಲ್ಲಿ ಆಳೆತ್ತರದ ಎಕ್ಕದ ಗಿಡ. ಎಲೆಎಲೆಗೂ ಅಂಥವೇ ಮಿಡತೆ, ಕರಕರ ಮೇಯುತ್ತಿದ್ದವು. 'ಇನ್ನೂ ತುಂಬಾ ಇದಾವೆ' ಎಂದಿದ್ದಳಲ್ಲ. ಹೊಡೆದ ಕೈಯಿಂದಲೇ ಒಂದು ರೆಂಬೆ ಮುರಿದ. ಬಿಳಿ ಹಾಲು ತೊಟ್ಟಿಕ್ಕಿತು.

ಮಿಡತೆಯನ್ನು ಡಬ್ಬಿಯಲ್ಲಿ ಹಾಕಿ, ರೆಂಬೆ ಹಿಡಿದು ದವಾಖಾನೆ ಸೇರಿದಾಗ ಉಸಿರು ಬಾಯಿಗೆ ಬಂದಿತ್ತು. "ಪೇಂಟ್ ಅಲ್ಲಮ್ಮ. ಹುಟ್ಟುಬಣ್ಣ. ಥಿನ್ನರ್ ನೆಲಕ್ಕೆ ಚೆಲ್ಲಿದೆ. ಮಗು ಹೇಳಿದ್ದೇ ನಿಜ."

ಡಾಕ್ಟರಮ್ಮ ಡಬ್ಬಿಗಿಂತ ಮೊದಲು ರೆಂಬೆ ನೋಡಿದರು. "ಎಕ್ಕ ತಿನ್ನೋ ಮಿಡತೆ. ಆ ಹಾಲಿನ ವಿಷ ಇದರ ಮೈಯಲ್ಲೇ ಇರುತ್ತೆ. ಇಷ್ಟು ಬಣ್ಣ ಇರೋದು ಹಕ್ಕಿಗಳಿಗೆ 'ಹತ್ರ ಬರ್ಬೇಡಿ' ಅನ್ನೋಕೆ. ನೀವು ಬರೆಯೋ ಬೋರ್ಡಿನ ಹಾಗೇ. ನೀವು ಓದಲಿಲ್ಲ, ಅಷ್ಟೇ." ಆಗಲೇ ಸಿರಿಂಜು ಕೈಯಲ್ಲಿತ್ತು. "ನೆಕ್ಕಿದ್ದು ಸ್ವಲ್ಪ ಇರ್ಬೇಕು. ಆದ್ರೂ ಇಂದು ಇಲ್ಲೇ ಇರ್ಲಿ, ಎದೆ ಬಡಿತ ನೋಡ್ತಿರ್ತೀನಿ. ಕೈ ಅಲುಗಾಡದ ಹಾಗೆ ಒಬ್ಬರು ಮಡಿಲಲ್ಲಿ ಹಿಡ್ಕೊಳ್ಳಿ."

ಅವನು ಮುಂದೆ ಬಂದ. ಮಂಡಿಯೂರಿ ಎರಡೂ ಕೈ ಚಾಚಿದ. "ಬಾ ಕಂದ. ನಾನು ಹಿಡ್ಕೋತೀನಿ. ನೀನು ಹೇಳಿದ್ದು ನಿಜ ಕಣೇ, ನಂದೇ ತಪ್ಪು. ಬಾ, ಅಪ್ಪನ ಹತ್ರ ಬಾ."

ಮಗು ಕಣ್ಣು ತೆರೆದು ಆ ಕೈಗಳನ್ನು ನೋಡಿತು. ಅಜ್ಜಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿಯಿತು.

"ಬರಲ್ಲ," ಎಂದಿತು.