ಓಣಿಗೆ ಅರ್ಧ, ಮನೆಗೆ ಅರ್ಧ

ಹಳೆಯ ಕಟ್ಟಡಗಳ ಪಟ್ಟಿ ಮಾಡುವ ಅಧಿಕಾರಿ ರಬಕವಿಯ ನಮ್ಮ ವಾಡೆ ನೋಡಲು ಬರುತ್ತಾರೆಂದು ತಿಳಿದ ದಿನವೇ ಅನಂತಪ್ಪ ಕಾಕಾ ಬಣ್ಣ ಬಳಿಯುವವರನ್ನು ಕರೆಸಿದರು. ನಮ್ಮಲ್ಲಿ ಬೀಗರು ಬಂದರೂ ಹಾಗೆಯೇ. ಆದರೆ ಮನೆ ಹಳೆಯದೆಂದು ತೋರಿಸಲಿಕ್ಕೆ ಅದನ್ನು ಹೊಸದು ಮಾಡಿದವರು ಬಹುಶಃ ನಾವೊಬ್ಬರೇ. ಎರಡೇ ದಿನದಲ್ಲಿ ವಾಡೆ ಪಿಸ್ತಾ ಬರ್ಫಿಯಂತೆ ಕಾಣತೊಡಗಿತು.

ಕಟ್ಟಿಸಿದವನು ನಮ್ಮ ಮುತ್ತಜ್ಜನ ಅಪ್ಪ, ಅರಳೆ ವ್ಯಾಪಾರಿ ಪಾಯಪ್ಪ. ವಿಕ್ಟೋರಿಯಾ ರಾಣಿಯ ಕಾಲ. ಕಬ್ಬಿಣದ ಕಂಬಗಳು ಮುಂಬಯಿಯಿಂದ ರೈಲಿನಲ್ಲಿ ಕುಡಚಿಗೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬಂದವಂತೆ. ಬಣ್ಣದ ಗಾಜು, ಸಾಗವಾನಿ ಮೆಟ್ಟಿಲು, ಎಲ್ಲವೂ ಇವೆ. ಆದರೆ ನಮಗೆ ಚಿಂತೆ ಇದ್ದದ್ದು ಬಾವಿಯದು.

ಮುಂದಿನ ಗೋಡೆ ಬಾವಿಯ ನಡುವೆಯೇ ಕಮಾನಾಗಿ ಹಾಯ್ದುಹೋಗುತ್ತದೆ. ಅರ್ಧ ಬಾಯಿ ನಮ್ಮ ಅಂಗಳದಲ್ಲಿ, ಅರ್ಧ ಓಣಿಯಲ್ಲಿ. ನೀರು ಸೇದುವ ರಾಟೆ, ಅಂದರೆ ಗಡಗಡಿ, ಒಳಗೊಂದು, ಹೊರಗೊಂದು. ರಸ್ತೆ ಅಗಲ ಮಾಡುವ ಗೆರೆ ಸರಿಯಾಗಿ ಅದರ ಮೇಲೆ ಬಿದ್ದಿತ್ತು. ಪಟ್ಟಿಯಲ್ಲಿ ವಾಡೆಯ ಹೆಸರು ಸೇರದಿದ್ದರೆ ಗೋಡೆ ಬೀಳುತ್ತದೆ, ಬಾವಿ ಮುಚ್ಚುತ್ತದೆ.

ಮುಚ್ಚಿದರೆ ಕಾಕಾನ ಹೆಂಡತಿ ರಾಜಮತಿ ಕಾಕು ಕುಡಿಯುವುದೇನು? ಹನ್ನೊಂದು ವರ್ಷದಿಂದ ಆಕೆಯದೊಂದು ನೇಮ: ಈ ಬಾವಿಯ ನೀರು ಬಿಟ್ಟು ಬೇರೆ ನೀರಿಲ್ಲ. ಮುಂಜಾನೆ ನೀರು ಸೇದಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಪುಟ್ಟ ತಾಮ್ರದ ಬಿಂದಿಗೆಯಲ್ಲಿ ಮತ್ತೆ ಅದೇ ಬಾವಿಗೆ ಇಳಿಬಿಡುತ್ತಾರೆ. ಬಿಂದಿಗೆಯ ತಳದಲ್ಲೂ ಒಂದು ಕೊಂಡಿಯಿದೆ. ನೀರು ಮುಟ್ಟಿದ ಮೇಲೆ ಅದರ ಹಗ್ಗ ಜಗ್ಗಿದರೆ ಮಾತ್ರ ಬಿಂದಿಗೆ ಮಗುಚುವುದು. ಮೇಲಿನಿಂದ ಸುರಿದರೆ ಜೀವಗಳಿಗೆ ಪೆಟ್ಟಾದೀತಲ್ಲ!

ಹೀಗಾಗಿ ಕಾಕಾ ಒಂದು ಉಪಾಯ ಹೂಡಿದರು. ಅರ್ಧ ಬಾವಿ ಓಣಿಯದೆಂದು ಗೊತ್ತಾದರೆ ಗೋಡೆಯ ಹೊರಗಿನದೆಲ್ಲ ಸರಕಾರದ್ದೆಂದು ಕಿತ್ತುಕೊಳ್ಳುತ್ತಾರೆಂಬುದು ಅವರ ಲೆಕ್ಕ. ಹೊರಗಿನ ಗಡಗಡಿ ಬಿಚ್ಚಿಸಿ ಕಟ್ಟಿಗೆಯ ಕೋಣೆಗೆ ಹಾಕಿದರು. ಎದುರು ಮನೆಯ ಕರೆವ್ವನಿಗೆ ಅಧಿಕಾರಿ ಬರುವ ದಿನ ಕೊಡ ತರಬೇಡ ಎಂದು ಹೇಳಿಕಳಿಸಿದರು. ನನಗೆ ಸಿಕ್ಕ ಕೆಲಸ ಅಧಿಕಾರಿಯ ಮನ ಗೆಲ್ಲುವುದು. ಓಣಿಯವರ ದನಿಯನ್ನೆಲ್ಲ ಅನುಕರಿಸಿ ತೆಗೆಯುವ ಚಟ ನನಗೆ ಸಾಲಿ ಕಲಿಯುವಾಗಿನಿಂದಲೂ ಇದೆ. ಮನೆಯಲ್ಲಿ ಹೇಳುವ ಹಳೆಯ ಕಥೆಯೊಳಗೆ ಕುದುರೆಯಿಂದಿಳಿದ ಇಂಗ್ಲಿಷ್ ಕಲೆಕ್ಟರ್ ಪಾಯಪ್ಪಜ್ಜನಿಗೆ ಕನ್ನಡದಲ್ಲಿ ನಮಸ್ಕಾರ ಹೇಳುವ ಭಾಗ ಚೆನ್ನಾಗಿಯೇ ಕಲಿತಿದ್ದೆ.

ಅಧಿಕಾರಿ ಅಂಜನಾ ಮೇಡಂ ಬಂದ ಕೂಡಲೇ ಅದನ್ನು ಮಾಡಿ ತೋರಿಸಿದೆ, ಅವರು ನಗಲಿಲ್ಲ. ಗೋಡೆಗೆ ಬೆರಳು ಹಚ್ಚಿದರು, ಬೆರಳು ಹಸಿರಾಯಿತು.

"ಇದು ಯಾವ ಕಾಲದ್ದು?"

"ಮೊನ್ನೆ ಮಂಗಳವಾರದ್ದರಿ," ಎಂದುಬಿಟ್ಟೆ, ನನ್ನದೇ ದನಿಯಲ್ಲಿ. ಕಾಕಾ ಕೆಮ್ಮಿದರು.

ಮೇಡಂ ಕಂಬ ನೋಡಿದರು, ಗಾಜು ನೋಡಿದರು. ಇಂಥವು ಈ ಸೀಮೆಯಲ್ಲಿ ಇನ್ನೂ ನಾಲ್ಕೈದು ಕಡೆ ಇವೆ ಎಂದರು. ಕಾಕಾನ ಮುಖ ಸಣ್ಣದಾಯಿತು. ಹೊರಗೆ ಬಂದ ಮೇಡಂ ಬಾವಿಕಟ್ಟೆಯ ಮುಂದೆ ಕುಳಿತರು. ಓಣಿಯ ಬದಿಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಮುಳುಗುವಷ್ಟು ಆಳದ ಗೆರೆಗಳಿದ್ದವು. ಗಡಗಡಿ ಬಿಚ್ಚಬಹುದು, ಗೆರೆ ಬಿಚ್ಚಲಾಗುತ್ತದೆಯೇ?

ಈ ಕಡೆ ನೀರು ಸೇದುತ್ತಿದ್ದವರು ಯಾರೆಂದು ಮೇಡಂ ಕೇಳಿದರು. ಕಾಕಾ ಆಕಾಶ ನೋಡಿದರು. ಮೇಡಂ ಎದುರು ಬಾಗಿಲಲ್ಲಿ ನಿಂತಿದ್ದ ಕರೆವ್ವನನ್ನು ಕೇಳಿದರು. ಕರೆವ್ವನದು ನಾಲ್ಕು ತಲೆಮಾರಿನಿಂದ ಸೀರೆ ನೇಯುವ ಮನೆ. ಆ ಗೆರೆಗಳಲ್ಲಿ ಆಕೆಯ ಅಜ್ಜಿಯ ಹಗ್ಗದ ಪಾಲೂ ಇದೆ.

"ನನಗೇನೂ ಗೊತ್ತಿಲ್ಲರಿ," ಎಂದಳು ಕರೆವ್ವ. "ಬಾವಿ ಪೂರಾ ಅವರದರಿ."

ತನ್ನ ಅರ್ಧವನ್ನು ಆಕೆ ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಳು. ಕಮಾನಿನ ಒಳಗಿನಿಂದ ರಾಜಮತಿ ಕಾಕು ಹೊರಗೆ ಬಂದರು.

"ನನ್ನ ಸಲುವಾಗಿ ಸುಳ್ಳು ಹೇಳಾಕತ್ತಾಳ್ರಿ ಆಕಿ," ಎಂದರು ಮೇಡಂಗೆ. "ಅರ್ಧ ಬಾವಿ ಓಣೀದು."

"ಏ, ಸುಮ್ಮನಿರು. ಬಾವಿ ಹೋದ್ರ ನೀ ಏನ್ ಕುಡೀತಿ?" ಕಾಕಾನ ದನಿ ಒಡೆದಿತ್ತು. ಆ ದನಿಯನ್ನು ನಾನು ಇವತ್ತಿನವರೆಗೂ ತೆಗೆದು ತೋರಿಸಿಲ್ಲ.

"ಸುಳ್ಳು ಹೇಳಿ ಉಳಿಸಿದ ನೀರನ್ನ ಎಷ್ಟು ಸಲ ಸೋಸಿದ್ರ ಶುದ್ಧ ಆಗತೈತ್ರಿ?"

ಕಾಕು ಸೆರಗಿನ ತುದಿ ಒದ್ದೆ ಮಾಡಿ ಕಮಾನಿನ ಹೊರಮೈ ಒರೆಸತೊಡಗಿದರು. ಕಾಕಾ ಅಗ್ಗದ ಬಣ್ಣ ತರಿಸಿದ್ದು ಒಳ್ಳೆಯದೇ ಆಯಿತು, ಬೇಗ ಬಯಲಾಯಿತು. ಕೆಳಗೆ ಕಲ್ಲಿನಲ್ಲಿ ಕೊರೆದ ಅಕ್ಷರಗಳು ಕಂಡವು: *ಪಾಯಪ್ಪ ಕಟ್ಟಿಸಿದ್ದು. ನೀರು ಓಣಿಗೆ ಅರ್ಧ, ಮನೆಗೆ ಅರ್ಧ.*

ಮೇಡಂ ಬಹಳ ಹೊತ್ತು ಬರೆದುಕೊಂಡರು. ತಾಮ್ರದ ಬಿಂದಿಗೆ ಇಳಿಬಿಡುವುದನ್ನು ಎರಡು ಸಲ ಮಾಡಿಸಿ ನೋಡಿದರು. ಹೋಗುವಾಗ ಕರೆವ್ವನ ಮನೆಯಲ್ಲಿ ಚಹಾ ಕುಡಿದರು. ಆಕೆ ಒಲ್ಲೆ ಒಲ್ಲೆ ಎಂದರೂ ಆ ಹಗ್ಗದ ಗೆರೆಗಳ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದರು.

ನಾಲ್ಕು ತಿಂಗಳ ಮೇಲೆ ಪಟ್ಟಿ ಬಂತು. ಅಲ್ಲಿಯವರೆಗೆ ಕರೆವ್ವ ಗಡಗಡಿಯಿಲ್ಲದೆ ಕಲ್ಲಿನಂಚಿನ ಮೇಲೆಯೇ ಹಗ್ಗ ಹಾಕಿ ಸೇದುತ್ತಿದ್ದಳು. ಅದರಲ್ಲಿ ಕಂಬಗಳಿಗೆ ಒಂದು ಸಾಲು, ಗಾಜಿಗೆ ಅರ್ಧ ಸಾಲು. ಉಳಿದ ಪುಟವೆಲ್ಲ ಎರಡು ಬದಿಯಿಂದ ಸೇದುವ, ಇಂದಿಗೂ ಬಳಕೆಯಲ್ಲಿರುವ ಬಾವಿಯದು. ರಸ್ತೆ ಈಗ ನಮ್ಮ ಮನೆಯ ಮುಂದೆ ಸ್ವಲ್ಪ ಸೊಂಟ ತಿರುಗಿಸಿ ಹೋಗುತ್ತದೆ.

ಸುದ್ದಿ ತಿಳಿದ ಮುಂಜಾನೆ ಕಾಕಾ ಕಟ್ಟಿಗೆಯ ಕೋಣೆಯಿಂದ ಗಡಗಡಿ ತಂದು, ಎಣ್ಣೆ ಹಾಕಿ, ತಾವೇ ಏಣಿ ಹತ್ತಿ ಹೊರಗೆ ಕಟ್ಟಿದರು. ನಾನು ಏಣಿ ಹಿಡಿದಿದ್ದೆ. ಆಮೇಲೆ ಕರೆವ್ವನ ಬಾಗಿಲಿಗೆ ಹೋಗಿ ಕೊಡವನ್ನು ತಾವೇ ಎತ್ತಿಕೊಂಡು ಬಂದರು. ಅದಕ್ಕೆ ಹಗ್ಗ ಬಿಗಿದುಕೊಟ್ಟರು.

ಒಳಗೆ ಕಾಕು ಬಿಂದಿಗೆ ಇಳಿಬಿಡುತ್ತಿದ್ದರು.

"ಸಾವಕಾಶ ಬಿಡ್ರಿ ಅಕ್ಕಾರ," ಎಂದಳು ಕರೆವ್ವ ಹೊರಗಿನಿಂದ. "ಕೆಳಗ ನನ್ನ ಕೊಡ ಐತಿ."